ಹುಲ್ಲು ಕೊಯ್ಯಲು ಕಾರಣ ಬೇಕೇ?

ಹುಲ್ಲಿಗೂ ಜೀವವಿದೆ ಎಂದು ಒಪ್ಪಿಕೊಂಡ ಮೇಲೆ ಅದನ್ನು ಕೊಯ್ಯಲು ಕಾರಣ ಕೊಡಬೇಕಾಗುತ್ತದೆಯೇ? ಗೃಹಸ್ಥನ ನಿತ್ಯದ ಬದುಕಿಗೆ ಹತ್ತಿರದಲ್ಲೇ ನಿಂತು ಈ ಪ್ರಶ್ನೆಯನ್ನು ಕೇಳಿದ್ದು ಜೈನ ಶ್ರಾವಕಾಚಾರ, ಅಂದರೆ ಗೃಹಸ್ಥರಾದ ಶ್ರಾವಕರಿಗೆ ಹೇಳಿದ ನಡವಳಿಕೆಯ ನಿಯಮ. ಆ ದರ್ಶನದಲ್ಲಿ ಸಸ್ಯವು ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಮುನಿಯಾದವನು ಹಸಿರು ಹುಲ್ಲನ್ನು ತುಳಿಯುವಂತಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೇ ಕಡೆ ನೆಲೆ ನಿಲ್ಲುವುದಕ್ಕೆ ಚಿಗುರೂ ಹುಳಹುಪ್ಪಟೆಯೂ ಕಾಲಡಿಗೆ ಸಿಗದಿರಲಿ ಎಂಬುದೇ ಕಾರಣ. ಉಳುವ, ಉಣ್ಣುವ, ಮನೆ ಕಟ್ಟುವ ಶ್ರಾವಕನಿಂದ ಇಷ್ಟನ್ನು ನಿರೀಕ್ಷಿಸಲಾಗದು. ಆದ್ದರಿಂದ ಅವನಿಗೆ ಅನರ್ಥದಂಡ ವ್ರತವಿದೆ. ಬದುಕಿಗೆ ಬೇಕಾದ ಹಿಂಸೆಯನ್ನು ಅದು ಅನಿವಾರ್ಯವೆಂದು ಬಿಡುತ್ತದೆ, ಪ್ರಯೋಜನವಿಲ್ಲದ ಹಿಂಸೆಯನ್ನು ತಡೆಯುತ್ತದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವನ್ನು ವ್ಯರ್ಥವಾಗಿ ಮಾಡಿದರೆ ‘ಪ್ರಮಾದಚರ್ಯೆ’ ಎನ್ನುತ್ತದೆ. ಅಮೃತಚಂದ್ರರ ‘ಪುರುಷಾರ್ಥಸಿದ್ಧ್ಯುಪಾಯ’ದ ಪಟ್ಟಿಯಲ್ಲಿ ಹುಲ್ಲುನೆಲವನ್ನು ತುಳಿದು ಹಾಳುಮಾಡುವುದೂ ಸೇರಿದೆ. ಮನೆಯ ಮುಂದಿನ ಲಾನ್ ಇನ್ನೂ ಹುಟ್ಟಿರದ ಕಾಲದ ಮಾತಿದು.

ಈ ವಿಚಾರ ಪಂದಲೂರಿಗೆ ಹೊರಗಿನದಲ್ಲ. ನೀಲಗಿರಿ ಜಿಲ್ಲೆಯ ಪಶ್ಚಿಮ ಅಂಚಿನ ಈ ತಾಲ್ಲೂಕು ವಯನಾಡಿನ ಪ್ರಸ್ಥಭೂಮಿಯದೇ ಮುಂದುವರಿಕೆ. ಗಡಿಯಾಚೆಯ ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಕಲ್ಲಿನ ಬಸದಿಯಿದೆ. ಆ ಊರಿನ ಹಳೆಯ ಹೆಸರು ಹನ್ನೆರಡು ಬೀದಿ. ವಯನಾಡಿನ ಜೈನ ಮನೆತನಗಳ ಮೂಲವೂ ಕನ್ನಡ ನಾಡೇ.

ಪಂದಲೂರಿನಲ್ಲಿ ಹುಲ್ಲಿಗೆ ಬರವಿಲ್ಲ. ನೈಋತ್ಯ ಮಳೆ ಜೂನ್‌ನಿಂದ ಬಿಡದೆ ಸುರಿಯುತ್ತದೆ, ಬಿಟ್ಟ ನೆಲವೆಲ್ಲ ಹಸಿರಾಗುತ್ತದೆ. ಆ ಹಸಿರನ್ನು ಒಂದೇ ಜಾತಿಯ, ಒಂದೇ ಎತ್ತರದ ಹಾಸಾಗಿ ಕಾಯ್ದುಕೊಳ್ಳುವ ರೂಢಿ ಬಂದದ್ದು ಘಟ್ಟದ ಮೇಲಿನ ವಸಾಹತುಶಾಹಿ ಬಂಗಲೆಗಳಿಂದ. ಉದಕಮಂಡಲದ ಸಸ್ಯೋದ್ಯಾನವನ್ನು 1848ರಿಂದ ರೂಪಿಸಿದ ವಿಲಿಯಂ ಗ್ರಹಾಂ ಮ್ಯಾಕ್‌ಐವರ್ ಕಾಲದ ಇಂಗ್ಲಿಷ್ ರುಚಿಯೇ ಇಂದಿನ ರೆಸಾರ್ಟುಗಳ ಅಂಗಳದಲ್ಲೂ ಮುಂದುವರಿದಿದೆ. ಪೂರ್ವ ಆಫ್ರಿಕಾದಿಂದ ಬಂದ ಕಿಕುಯು ಹುಲ್ಲು ನೀಲಗಿರಿಯಲ್ಲಿ ಅಂಗಳಕ್ಕಷ್ಟೇ ನಿಲ್ಲದೆ ಹೊರಗಿನ ಹುಲ್ಲುಗಾವಲಿಗೂ ಹಬ್ಬಿತು.

ಹುಲ್ಲುಹಾಸಿನ ಕೆಡುಕು ಕತ್ತರಿಸುವುದರಲ್ಲೇ ಇದೆ ಎನ್ನಲಾಗದು. ಇಳಿಜಾರಿನ ಬರಿ ಮಣ್ಣಿಗಿಂತ ಹುಲ್ಲು ಹಾಸಿದ ನೆಲ ಮಳೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಹೂ ಬಿಡುವ ಮೊದಲೇ ಕತ್ತರಿ ಬೀಳುವುದರಿಂದ ಬೀಜ ತಿನ್ನುವ ಹಕ್ಕಿಗಾಗಲೀ ಜೇನಿಗಾಗಲೀ ಅಲ್ಲಿ ಏನೂ ಸಿಗುವುದಿಲ್ಲ. ಹಾಕಿದ ಸಾರಜನಕದ ಗೊಬ್ಬರ ಮಳೆನೀರಿನೊಡನೆ ಕೆಳಗಿನ ಗದ್ದೆಬಯಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹಸಿರು ಉಳಿಯಬೇಕಾದರೆ ಕುಡಿಯುವ ನೀರಿನಲ್ಲೇ ಪಾಲು ಕೇಳಬೇಕು. ಸಮಂತಭದ್ರರು ಹೆಸರಿಸಿದ ವ್ಯರ್ಥ ಕ್ರಿಯೆಗಳಲ್ಲಿ ಮೂರು, ಅಗೆತ, ನೀರು, ಕಡಿತ, ಇಲ್ಲಿ ಒಂದೇ ಅಂಗಳದಲ್ಲಿ ಕೂಡುತ್ತವೆ. ಕಣ್ಣಿಗೆ ಬರುವ ತಂಪನ್ನು ಪ್ರಯೋಜನವೆಂದು ಎಣಿಸಬಹುದೇ? ಎಣಿಸಬಹುದೆನ್ನುವವರು ಆ ತಂಪಿನ ಬೆಲೆ ತೆರುವವರು ಯಾರೆಂಬುದಕ್ಕೂ ಉತ್ತರ ಹೇಳಬೇಕು.

ಚಹಾ ತೋಟಕ್ಕೆ ಬಂದರೆ ಪ್ರಶ್ನೆ ಬಿಗಿಯಾಗುತ್ತದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರ್ಕಾರ ನೆಟ್ಟ ‘ಟ್ಯಾನ್‌ಟೀ’ ತೋಟಗಳು ಪಂದಲೂರು, ಚೇರಂಬಾಡಿಗಳ ಸುತ್ತ ಇವೆ. ಎಳೆಯ ಚಹಾ ಗಿಡದ ನಡುವಿನ ಕಳೆಯನ್ನು ತೆಗೆಯದಿದ್ದರೆ ಬೆಳೆಯೂ ಇಲ್ಲ, ಕೂಲಿಯೂ ಇಲ್ಲ. ಆ ಹಿಂಸೆ ಅನರ್ಥವಲ್ಲ. ತೆಗೆಯುವ ಬಗೆಯಲ್ಲಿ ಮಾತ್ರ ಆಯ್ಕೆಯಿದೆ. ಗುದ್ದಲಿಯಿಂದ ಕೆರೆದರೆ ಮಣ್ಣು ಕೊಚ್ಚಿಹೋಗುತ್ತದೆ, ಕುಡುಗೋಲಿನಿಂದ ಸವರಿದರೆ ಆಳು ಹೆಚ್ಚು ಬೇಕು. ಕಳೆನಾಶಕ ಸುಲಭ. ಭಾರತದಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಅನುಮತಿಯಿರುವ ಬೆಳೆ ಚಹಾ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ರಾಸಾಯನಿಕ. ಹೀಗಾಗಿ ಸಮತಟ್ಟಿನಲ್ಲಿ ಇದ್ದಲ್ಲೇ ಉಳಿದರೂ ಇಳಿಜಾರಿನಲ್ಲಿ ಮಣ್ಣಿನ ಜೊತೆಗೇ ಪ್ರಯಾಣ ಮಾಡಿ, ಪುನ್ನಂಪುಳದಂಥ ಹೊಳೆಗಳ ಮೂಲಕ ಚಾಲಿಯಾರ್ ಕಡೆಗೆ, ಕೇರಳಕ್ಕೆ ಇಳಿಯಬಲ್ಲದು. ಕೊಡಲಿ, ಬೆಂಕಿ, ವಿಷಗಳನ್ನು ಇನ್ನೊಬ್ಬರ ಕೈಗಿಡುವುದನ್ನು ಶ್ರಾವಕಾಚಾರ ‘ಹಿಂಸಾದಾನ’ವೆಂದು ಬೇರೆಯಾಗಿಯೇ ಗುರುತಿಸುತ್ತದೆ. ಸಿಂಪಡಿಸಿದವನ ಜೊತೆಗೆ ಕೊಟ್ಟವನೂ ಲೆಕ್ಕಕ್ಕೆ ಬರುತ್ತಾನೆ. ಇಂದಿನ ಕೃಷಿರಾಸಾಯನಿಕದ ಚರ್ಚೆ ಈ ಎರಡನೆಯವನನ್ನು ಸಾಮಾನ್ಯವಾಗಿ ಮರೆಯುತ್ತದೆ.

ಶಾಸ್ತ್ರವೇ ತೊಡಕಿಗೆ ಸಿಲುಕುವ ಜಾಗ ಮೇಲಿನ ನೀಲಗಿರಿ. ಎಮ್ಮೆಗೆ ಹೊಸ ಚಿಗುರು ಬರಲೆಂದು ಅಲ್ಲಿನ ಪಶುಪಾಲಕರಾದ ತೋಡರು ಒಣಹುಲ್ಲಿಗೆ ಬೆಂಕಿಯಿಡುತ್ತಿದ್ದರು. ಅವರ ಹಾಲಿನ ಗುಡಿಗಳ ಚಾವಣಿಗೆ ಜೌಗಿನಲ್ಲಿ ಬೆಳೆಯುವ ವಿಶಿಷ್ಟ ಹುಲ್ಲೇ ಆಗಬೇಕು. ಕೊಯ್ಲು ಅಲ್ಲಿ ಪೂಜೆಯ ಭಾಗ. ಕಾಡಿಗೆ, ಹುಲ್ಲಿಗೆ ಬೆಂಕಿಯಿಡುವುದನ್ನು ಜೈನರು ನಿಷಿದ್ಧ ಕಸುಬುಗಳಲ್ಲಿ ಸೇರಿಸಿದ್ದಾರೆ. ಆದರೆ ಹುಲ್ಲುಗಾವಲನ್ನು ‘ಪಾಳು’ ಎಂದು ಕರೆದು, ಬೆಂಕಿ ನಿಲ್ಲಿಸಿ, ವ್ಯಾಟಲ್ ಮತ್ತು ನೀಲಗಿರಿ ಮರ ನೆಟ್ಟ ಆಡಳಿತವು ಬೆಂಕಿಯಿಟ್ಟವರಿಗಿಂತ ಹೆಚ್ಚು ಹುಲ್ಲನ್ನು ಇಲ್ಲವಾಗಿಸಿತು. ಒಂದೊಂದು ಜೀವಕ್ಕಾಗುವ ನೋವನ್ನು ಎಣಿಸುವ ನೀತಿಗೆ ಇಡೀ ಹುಲ್ಲುಗಾವಲಿನ ಅಳಿವು ಉಳಿವನ್ನು ಅಳೆಯುವುದು ಕಷ್ಟ. ಇದು ಆ ನೀತಿಯ ನಿಜವಾದ ಮಿತಿ.

ಕಾನೂನಿನ ದೃಷ್ಟಿಯೂ ಮರದ ಕಡೆಗೇ ವಾಲಿದೆ. ತಮಿಳುನಾಡಿನ ಗಿರಿಪ್ರದೇಶಗಳ ಮರ ಸಂರಕ್ಷಣಾ ಕಾಯಿದೆ 1955ರದು. ಮರ ಕಡಿಯುವುದನ್ನೂ ಬೆಟ್ಟದ ನೆಲದ ಸಾಗುವಳಿಯನ್ನೂ ಅದು ನಿಯಂತ್ರಿಸುತ್ತದೆ. ಪಕ್ಕದ ಗೂಡಲೂರಿನ ಜನ್ಮಂ, ಅಂದರೆ ವಂಶಪಾರಂಪರ್ಯ ಒಡೆತನದ, ಜಮೀನುಗಳಿಗಾಗಿ 1969ರ ಕಾಯಿದೆ ಬಂತು. ಅಲ್ಲಿನ ಮರಗಳು ಉರುಳುವುದನ್ನು ಕಂಡು ನಿಲಂಬೂರು ಕೋವಿಲಗಂನ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶವು ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾದದ್ದೆಲ್ಲ ಕಾಡೇ ಎಂದಿತು. ಅಂಗಳದ ಹುಲ್ಲಿನ ಮಾತು ಈ ಸಾಲಿನಲ್ಲಿ ಎಲ್ಲೂ ಇಲ್ಲ. ಅಮೆರಿಕದ ಹಲವು ಊರುಗಳಲ್ಲಿ ಸ್ಥಿತಿ ತಲೆಕೆಳಗು: ಹುಲ್ಲು ಗೊತ್ತಾದ ಎತ್ತರ ಮೀರಿದರೆ ಮನೆಯವನಿಗೆ ದಂಡ. ಅಲ್ಲಿ ಕೊಯ್ಯದೆ ಬಿಟ್ಟವನೇ ಕಾರಣ ಹೇಳಬೇಕು.

ತಮಿಳುನಾಡಿನ 2022ರ ಆಕ್ರಮಣಕಾರಿ ಸಸ್ಯಗಳ ನೀತಿ ಇನ್ನೊಂದು ತುದಿಯ ಪ್ರಶ್ನೆ ತರುತ್ತದೆ. ಲಂಟಾನ, ಸೆನ್ನಾಗಳನ್ನು ಕಾಡಿನಿಂದ ಕಿತ್ತುಹಾಕುವುದೂ ಏಕೇಂದ್ರಿಯ ಜೀವಗಳ ವಧೆಯೇ. ಹಿಂಸೆಯನ್ನು ‘ತತ್ತ್ವಾರ್ಥಸೂತ್ರ’ ಪ್ರಮಾದದಿಂದ ಆಗುವ ಪ್ರಾಣಹರಣವೆಂದು ವ್ಯಾಖ್ಯಾನಿಸುತ್ತದೆ. ಮುದುಮಲೆಯಲ್ಲಿ ಸೆನ್ನಾ ಮರ ತೆಗೆದು ಜಿಂಕೆ, ಕಾಟಿಗಳಿಗೆ ಮೇವಿನ ನೆಲ ಬಿಡಿಸುವ ಕೆಲಸವನ್ನು ಈ ವ್ಯಾಖ್ಯೆಯಡಿ ಸಮರ್ಥಿಸಬಹುದು. ಅದೇ ಮಾತನ್ನು ರೆಸಾರ್ಟಿನ ಕಿಕುಯು ಹಾಸಿಗೂ ಅದರ ವಾರದ ಕತ್ತರಿಗೂ ಅನ್ವಯಿಸುವುದು ಕಷ್ಟ.