ಕಲಿಸುವವನ ಕಣ್ಣು ಎಲ್ಲಿರಬೇಕು?

ನಾಳೆ ದೊಡ್ಡ ಕೆಲಸ ಸಿಗುವುದೆಂದು ಇಂದಿನ ಚಿಕ್ಕ ಕೆಲಸವನ್ನು ಹೇಗೋ ಮಾಡಿ ಮುಗಿಸಬಹುದೇ? ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕಾಣಲು ಅಮೆರಿಕದ ವಿಮಾನ ಚಾಲಕರ ಬದುಕನ್ನು ನೋಡೋಣ.

ಅಲ್ಲಿ ಸುಮಾರು 250 ಗಂಟೆ ಹಾರಿದವರು ವಾಣಿಜ್ಯ ಚಾಲಕರ ಲೈಸೆನ್ಸ್ ಪಡೆಯಬಹುದು. ಆದರೆ 2009ರಲ್ಲಿ ಬಫಲೊ ನಗರದ ಬಳಿ 50 ಮಂದಿಯನ್ನು ಬಲಿ ತೆಗೆದುಕೊಂಡ ವಿಮಾನ ದುರಂತದ ನಂತರ ಕಾನೂನು ಬಿಗಿಯಾಯಿತು. 2013ರಿಂದ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಸಹಚಾಲಕರಾಗಲೂ ಸಾಮಾನ್ಯವಾಗಿ 1500 ಗಂಟೆ ಬೇಕು. ಈ ಗಂಟೆಗಳನ್ನು ಕೂಡಿಸಲು ಅನೇಕ ಯುವಜನರು ಹಾರಾಟದ ಶಿಕ್ಷಕರಾಗುತ್ತಾರೆ. ವಿಮಾನ ನಡೆಸುವವನು ಶಿಷ್ಯನಾದರೂ ಆ ಗಂಟೆ ಶಿಕ್ಷಕನ ಲೆಕ್ಕಕ್ಕೂ ಸೇರುತ್ತದೆ.

ಶೋಧನೆ ಇರುವುದು ಇಲ್ಲಿಯೇ. ಶಿಷ್ಯನ ಮುಖ ಮರೆಯಾಗಿ ಗಂಟೆಗಳು ಮಾತ್ರ ಕಾಣತೊಡಗಬಹುದು. ಒಂಟಿಯಾಗಿ ಹಾರಲು ಸಿದ್ಧನಾದವನನ್ನು ಇನ್ನೂ ಕೆಲವು ದಿನ ತಡೆದರೆ ಶಿಕ್ಷಕನಿಗೆ ಲಾಭ. ಹಣ ತೆರುವವನು ಶಿಷ್ಯ. ಸಂಸ್ಥೆಯಿಂದ ಕರೆ ಬಂತೆಂದು ಅರ್ಧ ಕಲಿತವನನ್ನು ಯಾರಿಗೂ ಒಪ್ಪಿಸದೆ ಹೊರಟುಬಿಡುವುದೂ ಸುಲಭ. ಆದರೆ ಅದೇ ಶಿಷ್ಯ ನಾಳೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರುತ್ತಾನೆ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಸಂತ ಎರಡನೇ ಜಾನ್ ಪೌಲರು ಬೋಧಿಸಿದ್ದು ಇಂತಹ ಕಡೆಗೂ ಅನ್ವಯಿಸುತ್ತದೆ.

ಮುಂದೆ ಹೋಗಬೇಕೆಂಬ ಆಸೆ ತಪ್ಪಲ್ಲ. ತರಬೇತಿಯ ಸಾಲ ತೀರಬೇಕು, ಸಂಸಾರ ನಡೆಯಬೇಕು. ಅದಕ್ಕೆ ಸಿದ್ಧತೆಯೂ ಬೇಕು: ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರುವ ಅಭ್ಯಾಸ, ಜೆಟ್ ವಿಮಾನದ ವೇಗ, ಸಿಮ್ಯುಲೇಟರಿನ ಪಾಠ. ಎಲ್ಲಕ್ಕಿಂತ ಕಷ್ಟದ ಸಿದ್ಧತೆ ಮನಸ್ಸಿನದು. ಚಿಕ್ಕ ವಿಮಾನದಲ್ಲಿ ಶಿಕ್ಷಕ ಸಾಮಾನ್ಯವಾಗಿ ಬಲಗಡೆ ಕೂರುತ್ತಾನೆ. ದೊಡ್ಡ ವಿಮಾನದ ಸಹಚಾಲಕನೂ ಬಲಗಡೆಯೇ. ಆದರೆ ನಿನ್ನೆ ತಿದ್ದುತ್ತಿದ್ದವನು ಇಂದು ತಿದ್ದಿಸಿಕೊಳ್ಳಬೇಕು.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಮಂಜಿನಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ಇಲ್ಲದೆ ವಿಮಾನ ಮೇಲೇರಿಸಲು ಹೊರಟ ಕ್ಯಾಪ್ಟನ್ ತಮ್ಮ ಸಂಸ್ಥೆಯ ಹೆಸರಾಂತ ತರಬೇತುದಾರರಾಗಿದ್ದರು. ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಸಂಶಯ ಎತ್ತಿದರೂ ಅವರು ನಿಲ್ಲಿಸಲಿಲ್ಲ. ಕಲಿಸಿ ಪಳಗಿದವರೂ ಕೇಳುವುದನ್ನು ಕಲಿಯುತ್ತಲೇ ಇರಬೇಕು.

ಸ್ನಾನಿಕ ಯೊವಾನ್ನರು ತಮ್ಮ ಶಿಷ್ಯರು ಯೇಸುವನ್ನು ಹಿಂಬಾಲಿಸಿದಾಗ ತಡೆಯಲಿಲ್ಲ, ಸಂತೋಷಪಟ್ಟರು. ಶಿಷ್ಯನನ್ನು ಸಕಾಲದಲ್ಲಿ ಬಿಟ್ಟುಕೊಡುವುದು, ತಾನು ಚಿಕ್ಕವನಾಗಲು ಒಪ್ಪುವುದು, ಎರಡೂ ಒಂದೇ ಸದ್ಗುಣದ ಫಲಗಳು. ಶಿಕ್ಷಕನಾಗಿ ಮೊದಲನೆಯದನ್ನು ಅಭ್ಯಾಸ ಮಾಡಿದವನಿಗೆ ಸಹಚಾಲಕನಾದಾಗ ಎರಡನೆಯದು ಭಾರವೆನಿಸದು.

ವೀಸಾಕ್ಕಾಗಿ ಕಾಯುತ್ತಿರುವ ನರ್ಸ್, ಸರಕಾರಿ ಕೆಲಸದ ನಿರೀಕ್ಷೆಯಲ್ಲಿರುವ ಶಾಲಾ ಶಿಕ್ಷಕಿ ನಮ್ಮ ಮನೆಗಳಲ್ಲೂ ಇದ್ದಾರೆ. ಹೊರಡುವ ದಿನ ಗೊತ್ತಾದ ಮೇಲೂ ಇಂದಿನ ರೋಗಿಗೆ, ಇಂದಿನ ಮಗುವಿಗೆ ಪೂರ್ತಿ ಮನಸ್ಸು ಕೊಡುತ್ತೇವೆಯೇ? ಇಂದು ರಾತ್ರಿ ಜಪಮಾಲೆಯ ನಂತರ ಮನೆಯವರೆಲ್ಲ ಕೂತು ಯೋಚಿಸಿರಿ. 1920ರಲ್ಲಿ ವಿಮಾನ ಚಾಲಕರ ಪಾಲಕಿಯೆಂದು ಘೋಷಿಸಲ್ಪಟ್ಟ ಲೊರೆಟೊ ಮಾತೆ ದಾರಿಯಲ್ಲಿರುವ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.