ಬಣ್ಣ ಕಳೆದುಕೊಂಡ ವಾಚಿನ ಸಾಕ್ಷಿ

ಬ್ಲಾಂಕ್‌ಪೇನ್‌ನ ಫಿಫ್ಟಿ ಫ್ಯಾದಮ್ಸ್, ರೋಲೆಕ್ಸ್‌ನ ಸಬ್‌ಮರೀನರ್ ಎರಡೂ 1953ರ ಆಸುಪಾಸಿನಲ್ಲಿ ಹುಟ್ಟಿದ ಡೈವ್ ವಾಚುಗಳು. ಆಗ ಅವು ಬರೀ ಕೆಲಸದ ಸಾಮಾನು, ಕುಡುಗೋಲು ಇದ್ದ ಹಾಗೆ. ನೀರು ಒಳಗೆ ಹೋಗಬಾರದು, ಕತ್ತಲಲ್ಲಿ ಮುಳ್ಳು ಕಾಣಬೇಕು, ಮುಳುಗಿ ಎಷ್ಟು ನಿಮಿಷ ಆಯ್ತು ಅಂತ ಸುತ್ತಲಿನ ತಿರುಗುವ ಬಳೆ ನೋಡಿ ಗೊತ್ತಾಗಬೇಕು. ಅಷ್ಟೇ.

ಕತ್ತಲಲ್ಲಿ ಹೊಳೆಯಲಿ ಅಂತ ಮೊದಲು ರೇಡಿಯಂ ಬಳಿಯುತ್ತಿದ್ದರು, 1960ರ ದಶಕದಲ್ಲಿ ಟ್ರಿಟಿಯಂ ಬಂತು. ಅದರ ಅರ್ಧಾಯುಷ್ಯ ಸುಮಾರು 12 ವರ್ಷ. ಹಾಗಾಗಿ ಆ ಕಾಲದ ವಾಚುಗಳ ಹೊಳಪು ಯಾವತ್ತೋ ಆರಿಹೋಗಿದೆ. ಬಿಳಿ ಚುಕ್ಕಿಗಳು ಕೆನೆಬಣ್ಣಕ್ಕೆ, ಕೆಲವು ಬೆಲ್ಲದ ಬಣ್ಣಕ್ಕೆ ತಿರುಗಿವೆ. ಅಲ್ಯೂಮಿನಿಯಂ ಬಳೆ ಬಿಸಿಲಿಗೆ ಬೂದಿಯಾಗಿದೆ. ಕೆಲವು ಕಪ್ಪು ಡಯಲ್ಲುಗಳಂತೂ ಕಾಫಿಬಣ್ಣಕ್ಕೆ ಬಂದಿವೆ. ಇವಕ್ಕೆ 'ಟ್ರಾಪಿಕಲ್' ಅಂತ ಮುದ್ದಿನ ಹೆಸರು. ಕಾರ್ಖಾನೆಯ ಲೆಕ್ಕದಲ್ಲಿ ಇದು ಪೇಂಟ್ ಕೆಟ್ಟಿದ್ದು. ಸಂಗ್ರಾಹಕರು ಅದಕ್ಕೇ ಹೆಚ್ಚು ದುಡ್ಡು ಕೊಡ್ತಾರೆ. ಸರ್ವಿಸ್‌ನಲ್ಲಿ ಹಳೇ ಡಯಲ್ ತೆಗೆದು ಹೊಸದು ಹಾಕಿಸಿದ್ದರೆ ಬೆಲೆ ಇಳಿಯುತ್ತೆ.

ದುಡ್ಡಿರುವ ಕಡೆ ಅಡ್ಡದಾರಿಯೂ ಇರುತ್ತೆ. ಡಯಲ್ಲನ್ನು ಓವನ್‌ನಲ್ಲಿ ಬಿಸಿ ಮಾಡುವವರಿದ್ದಾರೆ, ಬಳೆಯನ್ನು ಬ್ಲೀಚ್‌ನಲ್ಲಿ ನೆನೆಹಾಕುವವರಿದ್ದಾರೆ. ನಮ್ಮಲ್ಲಿ ಇದೇ ಉಲ್ಟಾ: ಹಳೇ ಎಚ್‌ಎಂಟಿಗೆ ಹೊಸ ಬಣ್ಣ ಹೊಡೆದು, ಪೆಟ್ಟಿಗೆಯಲ್ಲೇ ಇದ್ದ ಪೀಸು ಅಂತ ಮಾರೋದು.

ಓವನ್ ಕೆಲಸ ಎಷ್ಟು ಚೆನ್ನಾಗಿದೆಯೆಂದರೆ ಲೂಪ್ ಹಿಡಿದರೂ ವ್ಯತ್ಯಾಸ ಕಾಣಲ್ಲ ಅಂತಿಟ್ಟುಕೊಳ್ಳಿ. ಆಗ ಕಳೆದುಕೊಂಡದ್ದೇನು? ಚೆಂದಕ್ಕಾಗಿ ಕೊಂಡಿದ್ದರೆ ಏನೂ ಇಲ್ಲ. ಆದರೆ ಬರೀ ಚೆಂದಕ್ಕೆ ಅಷ್ಟು ದುಡ್ಡು ಯಾರೂ ಕೊಡಲ್ಲ ಅಂತ ನನ್ನ ಅನಿಸಿಕೆ. ಆ ಬಣ್ಣ ಒಂದು ಸಾಕ್ಷಿ: ಇದು ಇಷ್ಟು ವರ್ಷ ಎಲ್ಲೋ ಇತ್ತು, ಯಾರದೋ ಕೈಯಲ್ಲಿ ಬಿಸಿಲು ಕಂಡಿತ್ತು. ಗಿಟ್‌ನಲ್ಲಿ ಕೋಡ್ ಮುಟ್ಟದೆ ಕಮಿಟ್ ತಾರೀಖು ಮಾತ್ರ ಬದಲಾಯಿಸಬಹುದು. ಪ್ರೋಗ್ರಾಂ ಹಾಗೇ ಓಡುತ್ತೆ. ಆದರೂ ಅದು ಸುಳ್ಳೇ ಅಲ್ವಾ?

ಹೊಸ ವಾಚಿಗೇ ಕೆನೆಬಣ್ಣ ಬಳಿದು ಮಾರುವ ಕಂಪನಿಗಳ ಮೇಲೆ ನನಗೆ ಸಿಟ್ಟಿಲ್ಲ. ಹರಿದ ಜೀನ್ಸ್ ಮಾರಿದ ಹಾಗೆ ಅದು, ಯಾರಿಗೂ ಮೋಸವಿಲ್ಲ. ಕಷ್ಟ ಇರೋದು ಓವನ್ ವಾಚಿನಲ್ಲಿ. ಮೊದಲು ಮಾರಿದವನು 'ನಾನೇ ಬಿಸಿ ಮಾಡಿದ್ದು' ಅಂತ ನಿಯತ್ತಾಗಿ ಹೇಳಿಯೇ ಮಾರಿರಬಹುದು. ನಾಲ್ಕನೇ ಕೈಗೆ ಹೋಗುವಷ್ಟರಲ್ಲಿ ಆ ಮಾತು ಉದುರಿರುತ್ತೆ, ಬಣ್ಣ ಉಳಿದಿರುತ್ತೆ. ಹೇಳಿದವನು ಸತ್ತ ಮೇಲೂ ವಾಚು ಸುಳ್ಳು ಹೇಳ್ತಾನೇ ಇರುತ್ತೆ. ಅದಕ್ಕೇ ಬಾಯಿಮಾತಿನ ಪ್ರಾಮಾಣಿಕತೆ ಇಲ್ಲಿ ಸಾಲದು ಅನ್ನಿಸೋದು.

ಇನ್ನು ನಿಜವಾದದ್ದನ್ನೇ ಕೊಂಡವನು? ಬೇರೆಯವರು ಬಿಸಿಲಲ್ಲಿ ತಿರುಗಿ ಗಳಿಸಿದ ಬಣ್ಣವನ್ನು ಬ್ಯಾಂಕ್ ಲಾಕರ್‌ನಲ್ಲಿ ಇಡ್ತಾನೆ. ಅವನ ಕಾಲದ ಗುರುತು ಅದರ ಮೇಲೆ ಬೀಳೋದೇ ಇಲ್ಲ. ಕೆಲವರು ಕಟ್ಟಿಕೊಳ್ಳೋದೇನೋ ಹೌದು, ಆದರೆ ಹಳೇ ಗ್ಯಾಸ್ಕೆಟ್ ನಂಬೋ ಹಾಗಿಲ್ಲವಲ್ಲ, ಸಮುದ್ರದ ಆಳಕ್ಕೆ ಅಂತ ಮಾಡಿದ ವಾಚನ್ನು ಕೈ ತೊಳೆಯುವಾಗ ಬಿಚ್ಚಿ ಜೇಬಿಗಿಡ್ತಾರೆ.