ಕಾಯಿಸುವವರ ಧರ್ಮ

ಕಾಯುವುದು ಮನುಷ್ಯನ ಬಾಳಿಗೆ ಹೊಸದಲ್ಲ. ಬಿತ್ತಿದವನು ಮಳೆಗಾಗಿ ಕಾಯುತ್ತಾನೆ; ಸಸಿಯಿಟ್ಟವನು ಫಲಕ್ಕಾಗಿ ಕಾಯುತ್ತಾನೆ; ಮಗಳನ್ನು ಹೆರಿಗೆಗೆ ಕರೆತಂದ ತಾಯಿ ದಿನ ತುಂಬುವುದಕ್ಕಾಗಿ ಕಾಯುತ್ತಾಳೆ. ಇಂಥ ಕಾಯುವಿಕೆಯನ್ನು ನಮ್ಮ ಹಿರಿಯರು ಕಷ್ಟವೆಂದು ಬಗೆದರೇ ಹೊರತು ಅನ್ಯಾಯವೆಂದು ಬಗೆಯಲಿಲ್ಲ. ತಾಳಿದವನು ಬಾಳಿಯಾನು ಎಂದು ಹೇಳಿ ಸಮಾಧಾನಪಟ್ಟರು. ಅದು ಸರಿಯೇ. ಮೋಡಕ್ಕೆ ಮನಸ್ಸಿಲ್ಲ, ಅದನ್ನು ಏತಕ್ಕೆ ತಡಮಾಡಿದೆಯೆಂದು ಕೇಳುವವರಾರು? ಆದರೆ ಇನ್ನೊಂದು ಬಗೆಯ ಕಾಯುವಿಕೆಯುಂಟು. ಅದರಲ್ಲಿ ನಾವು ಕಾಯುವುದು ಪ್ರಕೃತಿಗಾಗಿ ಅಲ್ಲ, ಮನುಷ್ಯನಿಗಾಗಿ. ಅವನು ಮನಸ್ಸುಮಾಡಿದರೆ ಇಂದೇ ಹೇಳಬಹುದಾದ ಒಂದು ಮಾತಿಗಾಗಿ. ಮೊದಲನೆಯದರಲ್ಲಿ ಧರ್ಮವೆಲ್ಲ ಕಾಯುವವನದು. ಎರಡನೆಯದರಲ್ಲಿ ಕಾಯಿಸುವವನಿಗೂ ಒಂದು ಧರ್ಮವಿರಬೇಕು. ಅದು ಯಾವುದೆಂಬುದೇ ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಅನೇಕ ಮನೆಗಳ ಬಾಗಿಲಿಗೆ ತಂದು ನಿಲ್ಲಿಸಿರುವುದು ಪರದೇಶದಲ್ಲಿ ಓದಹೋಗುವ ಮಕ್ಕಳ ವೀಸಾ. ಇದು ಬಹಳ ಹಳೆಯ ಏರ್ಪಾಡೇನೂ ಅಲ್ಲ. ೧೯೧೩ರಲ್ಲಿ ಅಂಬೇಡ್ಕರರು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನವನ್ನು ಪಡೆದು ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ ಅವರಿಗೆ ಹಣದ ಚಿಂತೆಯಿತ್ತು, ಸಮಾಜದ ಕಷ್ಟವಿತ್ತು. ವೀಸಾ ಬಂದೀತೇ ಎಂಬ ಚಿಂತೆಯಿರಲಿಲ್ಲ. ಅಮೆರಿಕವು ಹೊರಗಿನವರಿಗೆ ವೀಸಾವನ್ನು ಕಡ್ಡಾಯಮಾಡಿದ್ದು ೧೯೧೭-೧೮ರ ಯುದ್ಧಕಾಲದಲ್ಲಿ. ನಮ್ಮ ದೇಶಕ್ಕೆ ಪಾಸ್‌ಪೋರ್ಟಿನ ಶಾಸನ ಬಂದದ್ದು ೧೯೨೦ರಲ್ಲಿ. ಯುದ್ಧ ಮುಗಿಯಿತು, ಯುದ್ಧಕ್ಕಾಗಿ ಹುಟ್ಟಿದ ಕಾಗದ ಉಳಿದುಕೊಂಡಿತು.

ಈಗಿನ ಸ್ಥಿತಿ ಹೇಗಿದೆಯೆಂಬುದನ್ನು ಬಲ್ಲ ಮನೆಗಳು ಬಲ್ಲವು. ೨೦೨೩-೨೪ನೆಯ ವ್ಯಾಸಂಗವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ೩,೩೧,೬೦೨. ಅಲ್ಲಿಗೆ ಹೋಗುವವನು ಮೊದಲು ವಿಶ್ವವಿದ್ಯಾನಿಲಯದಿಂದ ಪ್ರವೇಶವನ್ನೂ ಐ-೨೦ ಎಂಬ ಪತ್ರವನ್ನೂ ಪಡೆಯಬೇಕು. ವಿದ್ಯಾರ್ಥಿಗಳ ದಾಖಲೆಗೆಂದು ೩೫೦ ಡಾಲರನ್ನೂ ಅರ್ಜಿಗೆಂದು ಬೇರೆಯಾಗಿ ಶುಲ್ಕವನ್ನೂ ಕಟ್ಟಬೇಕು. ಬ್ಯಾಂಕಿನಿಂದ ಸಾಲದ ಮಂಜೂರಾತಿಯನ್ನು ತರಬೇಕು. ಆಮೇಲೆ ಸಂದರ್ಶನಕ್ಕೆ ದಿನ ಸಿಕ್ಕುವುದನ್ನು ಕಾಯಬೇಕು. ಬೆಂಗಳೂರಿನಲ್ಲಿ ಅಮೆರಿಕದ ದೂತಕಛೇರಿ ೨೦೨೫ರ ಜನವರಿಯಲ್ಲಿ ಪ್ರಾರಂಭವಾಯಿತಾದರೂ ವೀಸಾ ಕೊಡುವ ಕೆಲಸ ಅದರೊಡನೆ ಆರಂಭವಾಗಲಿಲ್ಲ. ನಮ್ಮ ಕಡೆಯ ಮಕ್ಕಳು ಚೆನ್ನೈಗೋ ಹೈದರಾಬಾದಿಗೋ ಹೋಗುವ ವಾಡಿಕೆ ಉಳಿಯಿತು. ಅದೇ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಅಮೆರಿಕದ ಸರ್ಕಾರವು ವಿದ್ಯಾರ್ಥಿಗಳಿಗೆ ಹೊಸದಾಗಿ ಸಂದರ್ಶನದ ದಿನಗಳನ್ನು ಕೊಡುವುದನ್ನೇ ನಿಲ್ಲಿಸಿತು. ಜೂನ್ ತಿಂಗಳ ಮೂರನೆಯ ವಾರದಲ್ಲಿ, ಅರ್ಜಿದಾರರು ಸಾಮಾಜಿಕ ಜಾಲತಾಣಗಳಲ್ಲಿ ಬರೆದುದನ್ನು ಪರೀಕ್ಷಿಸುವ ಹೊಸ ನಿಯಮದೊಡನೆ, ಮತ್ತೆ ಆರಂಭಿಸಿತು. ಅಲ್ಲಿಯ ಪಾಠಗಳು ಬಹುಮಟ್ಟಿಗೆ ಆಗಸ್ಟಿನಲ್ಲಿ ಮೊದಲಾಗುತ್ತವೆ. ಮೂರು ವಾರವೆಂದರೆ ಸರ್ಕಾರಕ್ಕೆ ಅಲ್ಪಕಾಲ. ಆಗಸ್ಟನ್ನು ಎದುರುನೋಡುತ್ತಿರುವವನಿಗೆ ಅದು ಒಂದು ವರ್ಷವೇ ಆಗಬಹುದು.

ಸಂದರ್ಶನ ಆದಮೇಲೂ ಒಂದು ಕವಲುದಾರಿಯುಂಟು. ಅಲ್ಲಿಯ ವಲಸೆಯ ಶಾಸನದ ೨೨೧(ಜಿ) ಎಂಬ ವಿಧಿಯ ಪ್ರಕಾರ ಅರ್ಜಿಯನ್ನು ಇನ್ನೂ ಹೆಚ್ಚಿನ ಪರಿಶೀಲನೆಗೆಂದು ಇರಿಸಿಕೊಳ್ಳಬಹುದು. ಕಾನೂನಿನ ಲೆಕ್ಕದಲ್ಲಿ ಇದು ನಿರಾಕರಣೆ. ವ್ಯವಹಾರದಲ್ಲಿ ‘ನೋಡುತ್ತಿದ್ದೇವೆ’ ಎಂಬ ಮಾತು. ಎಷ್ಟು ದಿನವೆಂಬುದಕ್ಕೆ ಗೊತ್ತಾದ ಮಿತಿಯಿಲ್ಲ. ಇಲ್ಲವೆಂದದ್ದೂ ಅಲ್ಲ, ಹೌದೆಂದದ್ದೂ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ಪರದೇಶದವನು ನಮ್ಮನ್ನು ತನ್ನ ಮನೆಯೊಳಕ್ಕೆ ಬಿಟ್ಟುಕೊಳ್ಳಲೇಬೇಕೆಂಬ ನಿಯಮ ಎಲ್ಲಿದೆ? ಮನೆ ಅವನದು, ಬಾಗಿಲು ಅವನದು, ಅಗಳಿಯೂ ಅವನದು. ಬೇಡವೆನ್ನುವ ಅಧಿಕಾರವಿರುವವನಿಗೆ ತಡಮಾಡುವ ಅಧಿಕಾರ ಇಲ್ಲವೇ? ಹೆಚ್ಚಿನದರಲ್ಲಿ ಕಡಮೆಯದು ಅಡಗಿಲ್ಲವೇ?

ಮೇಲುನೋಟಕ್ಕೆ ಈ ವಾದ ಬಲವಾಗಿ ಕಾಣುತ್ತದೆ. ಆದರೆ ಇದರಲ್ಲಿ ಒಂದು ದೋಷವಿದೆ. ವಿಳಂಬವು ನಿರಾಕರಣೆಯ ಒಂದು ಅಂಶವಲ್ಲ. ಅದು ಬೇರೆಯೇ ಜಾತಿಯ ಕಾರ್ಯ. ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಒಂದು ಸಂಗತಿಯನ್ನು ನೋಡೋಣ. ಗಂಡಿನ ಕಡೆಯವರು ಹೆಣ್ಣನ್ನು ನೋಡಲು ಬರುತ್ತಾರೆ; ಉಪ್ಪಿಟ್ಟು ಕಾಫಿ ಆಗುತ್ತದೆ; ‘ಊರಿಗೆ ಹೋಗಿ ಹೇಳಿಕಳಿಸುತ್ತೇವೆ’ ಎಂದು ಹೊರಡುತ್ತಾರೆ. ಒಪ್ಪಿಗೆಯಿಲ್ಲವೆಂದು ಎಂಟು ದಿನದಲ್ಲಿ ಕಾಗದ ಬಂದರೆ ಹೆಣ್ಣಿನ ತಂದೆಗೆ ಬೇಸರವಾದೀತು, ಆದರೆ ಕೋಪ ಬಾರದು. ಅವನು ಬೇರೆ ಸಂಬಂಧವನ್ನು ನೋಡುತ್ತಾನೆ. ಆರು ತಿಂಗಳು ಸುದ್ದಿಯೇ ಇಲ್ಲದಿದ್ದರೆ? ಅವನು ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ. ಅಂಥವರನ್ನು ಊರಿನ ಹಿರಿಯರು ಆಡಿಕೊಳ್ಳುವುದು ಅವರು ಹೆಣ್ಣನ್ನು ಒಪ್ಪಲಿಲ್ಲವೆಂದಲ್ಲ; ಒಂದು ಮನೆಯನ್ನು ತೂಗುಹಾಕಿದರೆಂದು. ಬೇಡವೆಂದವನು ತನ್ನದನ್ನು ತಾನು ಕೊಡಲಿಲ್ಲ, ಅಷ್ಟೆ. ಸುಮ್ಮನೆ ತಡೆದವನು ನಮ್ಮದನ್ನೂ ತನ್ನ ಬಳಿ ಇಟ್ಟುಕೊಂಡನು.

ಹಾಗೆ ಇಟ್ಟುಕೊಂಡದ್ದು ಯಾವುದು? ಕಾಲ, ಅದರಲ್ಲಿಯೂ ವಿದ್ಯಾರ್ಥಿಯ ಕಾಲ. ಐವತ್ತು ವರ್ಷದವನಿಗೆ ಒಂದು ವರ್ಷ ಹೋದರೆ ಅದು ಒಂದು ವರ್ಷ. ಇಪ್ಪತ್ತೆರಡರ ಹುಡುಗಿಯ ಒಂದು ವರ್ಷದಲ್ಲಿ ಸೇರಿಕೊಂಡಿರುವುದು ಹೆಚ್ಚು: ಬಿಟ್ಟ ಉದ್ಯೋಗ, ಕಟ್ಟಿದ ಶುಲ್ಕ, ಮುಂದಿನ ವರ್ಷಕ್ಕೆ ಉಳಿಯುವುದೋ ಇಲ್ಲವೋ ತಿಳಿಯದ ವಿದ್ಯಾರ್ಥಿವೇತನ, ಮನೆಯವರು ಮದುವೆಯನ್ನು ಮುಂದೂಡಿದ ಮಾತು, ಕಲಿಯಬೇಕೆಂಬ ಹಸಿವು. ಹಸಿವು ಕಾಯಿಸಿದಷ್ಟೂ ಹೆಚ್ಚುವುದೆಂದು ತಿಳಿಯುವವರು ಉಂಟು. ಅನುಭವಸ್ಥರು ಬಲ್ಲರು, ಹೊತ್ತುಮೀರಿದ ಹಸಿವು ಸತ್ತುಹೋಗುತ್ತದೆ.

ಇದಕ್ಕೆ ಚೀನಾ ದೇಶದ ನಿದರ್ಶನ ಸಾಕು. ಸಾಂಕ್ರಾಮಿಕ ರೋಗದ ಕಾರಣದಿಂದ ಆ ದೇಶವು ೨೦೨೦ರ ಮಾರ್ಚ್ ಕೊನೆಯಲ್ಲಿ ಹೊರಗಿನವರ ಪ್ರವೇಶವನ್ನು ನಿಲ್ಲಿಸಿತು. ಅಲ್ಲಿ ಓದುತ್ತಿದ್ದು ಊರಿಗೆ ಬಂದಿದ್ದ ಭಾರತೀಯ ವಿದ್ಯಾರ್ಥಿಗಳು ೨೩,೦೦೦ಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ವೈದ್ಯವಿದ್ಯೆಯವರು. ಅವರಿಗೆ ಮತ್ತೆ ವೀಸಾ ಕೊಡುವೆವೆಂಬ ಪ್ರಕಟಣೆ ಹೊರಟದ್ದು ೨೦೨೨ರ ಆಗಸ್ಟಿನಲ್ಲಿ. ಮೊದಲ ಕೆಲವು ತಿಂಗಳನ್ನು ಮಳೆ ತಪ್ಪಿದ ವರ್ಷದ ಹಾಗೆ ಯಾರೂ ದೂರುವಂತಿರಲಿಲ್ಲ. ಜಗತ್ತೇ ಬಾಗಿಲು ಹಾಕಿಕೊಂಡಿತ್ತು. ಆದರೆ ಬೇರೆ ದೇಶಗಳು ಒಂದೊಂದಾಗಿ ತೆರೆದಮೇಲೂ, ಎಂದು ಎಂಬ ಮಾತು ಈ ಮಕ್ಕಳಿಗೆ ಸಿಕ್ಕಲಿಲ್ಲ. ರೋಗಿಯ ನಾಡಿಯನ್ನು ಹಿಡಿಯದೆ, ಆಸ್ಪತ್ರೆಯ ಹೊಸ್ತಿಲನ್ನು ತುಳಿಯದೆ, ಮನೆಯ ಮೂಲೆಯಲ್ಲಿ ಯಂತ್ರದ ತೆರೆಯ ಮುಂದೆ ಕುಳಿತು ವೈದ್ಯವನ್ನು ಕಲಿಯಬೇಕಾಯಿತು. ಬೇರೆ ದಾರಿ ಹಿಡಿಯೋಣವೆಂದರೆ, ನಾಳೆಯೇ ಬಾಗಿಲು ತೆರೆದೀತೆಂಬ ಆಸೆ.

ಎರಡನೆಯ ಆಕ್ಷೇಪಣೆ ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಪರಿಶೀಲನೆಗೆ ಕಾಲ ಬೇಕು. ಅವಸರದಲ್ಲಿ ಅಯೋಗ್ಯನು ಒಳಹೋಗಬಹುದು, ಯೋಗ್ಯನು ಹೊರಗುಳಿಯಬಹುದು. ಇದು ನಿಜ. ನೋಡುವುದಕ್ಕೆ ಹಿಡಿಯುವ ಕಾಲವನ್ನು ಯಾರೂ ಹಳಿಯಬಾರದು. ಆದರೆ ಕಡತವನ್ನು ನೋಡುವುದು ಬೇರೆ, ಕಡತ ಬಿದ್ದಿರುವುದು ಬೇರೆ. ಹೊರಗೆ ನಿಂತವನಿಗೆ ಈ ಎರಡೂ ಒಂದೇ ಆಗಿ ತೋರುತ್ತವೆ. ಭೇದವನ್ನು ತಿಳಿಸಬಲ್ಲವನು ಒಳಗಿರುವವನೊಬ್ಬನೇ. ಆದಕಾರಣ ಅವನ ಧರ್ಮವು ಬೇಗ ಮುಗಿಸುವುದಕ್ಕಿಂತಲೂ ಮೊದಲು, ಇಷ್ಟು ದಿನ ಹಿಡಿದೀತು, ಇಂಥ ಕಾರಣಕ್ಕಾಗಿ, ಎಂದು ಹೇಳುವುದು. ೨೦೨೩ರ ಅಕ್ಟೋಬರಿನಲ್ಲಿ ಭಾರತಕ್ಕೂ ಕೆನಡಕ್ಕೂ ವಿರಸ ಬೆಳೆದು ಆ ದೇಶದ ೪೧ ಮಂದಿ ರಾಜತಾಂತ್ರಿಕರು ಇಲ್ಲಿಂದ ಹೊರಟರು. ಬೆಂಗಳೂರು, ಚಂಡೀಗಢ, ಮುಂಬಯಿಗಳ ಕಛೇರಿಗಳಲ್ಲಿ ಜನರನ್ನು ಕಂಡು ಮಾಡುವ ಕೆಲಸ ನಿಂತಿತು. ವಲಸೆಯ ಇಲಾಖೆಯ ಕೆನಡದ ಅಧಿಕಾರಿಗಳು ಇಲ್ಲಿ ೨೭ ಇದ್ದವರು ೫ ಆದರು. ಎರಡು ಸರ್ಕಾರಗಳ ಜಗಳದ ದಂಡವನ್ನು ತೆತ್ತವರು ಆ ಜಗಳದಲ್ಲಿ ಇಲ್ಲದ ಮಕ್ಕಳು. ಆದರೂ ತಡವಾಗುವುದೆಂದು ಕೆನಡವು ಮುಂಚಿತವಾಗಿಯೇ ಸಾರಿತು. ಅಷ್ಟರಮಟ್ಟಿಗೆ ಅದು ಮೆಚ್ಚತಕ್ಕದ್ದೇ.

ಅವಧಿಯನ್ನು ಹೇಳುವುದು ಅಸಾಧ್ಯವೆನ್ನುವಂತೆಯೂ ಇಲ್ಲ. ೨೦೧೬ರ ಯೂರೋಪಿಯನ್ ಒಕ್ಕೂಟದ ಒಂದು ನಿರ್ದೇಶವು, ವಿದ್ಯಾರ್ಥಿಯ ಅರ್ಜಿ ಪೂರ್ಣವಾಗಿ ಸಲ್ಲಿಕೆಯಾದಮೇಲೆ ೯೦ ದಿನಗಳೊಳಗಾಗಿ ತೀರ್ಮಾನವನ್ನು ತಿಳಿಸಬೇಕೆಂದು ವಿಧಿಸಿದೆ. ದೂರ ಹೋಗುವುದೇಕೆ? ನಮ್ಮ ಕರ್ನಾಟಕದಲ್ಲಿಯೇ ೨೦೧೧ರ ಸಕಾಲ ಶಾಸನವುಂಟು. ಗೊತ್ತಾದ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಒದಗಿಸತಕ್ಕದ್ದು. ತಪ್ಪಿದರೆ ಅರ್ಜಿದಾರನಿಗೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದ ಹಾಗೆ, ಪರಿಹಾರ ಸಲ್ಲತಕ್ಕದ್ದು. ಇಪ್ಪತ್ತು ರೂಪಾಯಿ ದೊಡ್ಡ ಹಣವಲ್ಲ. ಆದರೆ ಅದರ ಹಿಂದಿರುವ ತತ್ತ್ವ ದೊಡ್ಡದು: ಪ್ರಜೆಯ ಕಾಲ ಪ್ರಜೆಯದು; ಅದನ್ನು ಬಳಸಿಕೊಂಡ ಕಛೇರಿ ಅವನಿಗೆ ಸಾಲಗಾರ.

ನಮ್ಮ ಪುರಾಣಗಳನ್ನು ತೆಗೆದು ನೋಡಿದರೂ ಈ ತತ್ತ್ವ ಹೊಸದಲ್ಲವೆಂಬುದು ಕಾಣುತ್ತದೆ. ಜೂಜಿನಲ್ಲಿ ಸೋತ ಪಾಂಡವರಿಗೆ ಸಹ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಎಂದು ಲೆಕ್ಕವಿತ್ತು. ಕೈಕೇಯಿ ಕೂಡ ಹದಿನಾಲ್ಕು ಎಂದು ಎಣಿಸಿ ಹೇಳಿದಳು. ಆ ಹದಿನಾಲ್ಕು ತುಂಬಿದ ದಿನ ರಾಮನು ಬಾರದಿದ್ದರೆ ಅಗ್ನಿಯನ್ನು ಹೊಗುವೆನೆಂದು ಭರತನು ನಂದಿಗ್ರಾಮದಲ್ಲಿ ದಿನಗಳನ್ನು ಎಣಿಸುತ್ತಿದ್ದನು. ಪುಷ್ಪಕದಲ್ಲಿ ಬಂದ ರಾಮನು ಭರದ್ವಾಜರ ಆಶ್ರಮದಲ್ಲಿ ಇಳಿದು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಹನುಮಂತನನ್ನು ಮುಂದಾಗಿ ಕಳುಹಿಸಿದ್ದು. ಕವಿ ಅದಕ್ಕೆ ಬೇರೆ ಕಾರಣವನ್ನೂ ಹೇಳುತ್ತಾನೆ. ಆದರೆ ಓದುವ ನಮಗೆ ಹೃದ್ಯವಾಗುವುದು ಇದು: ಬರುವುದಕ್ಕೆ ಮುಂಚೆ ಬರುವೆನೆಂಬ ಸುದ್ದಿ ಬಂದಿತು, ಕಾಯುತ್ತಿದ್ದ ಒಂದು ಜೀವ ಉಳಿಯಿತು.

ಇನ್ನು ಕಾಯುವವನ ಧರ್ಮವನ್ನು ಹೇಳದೆ ಬಿಟ್ಟರೆ ವಿಚಾರ ಅರ್ಧವಾದೀತು. ಅವನ ಮೊದಲನೆಯ ಧರ್ಮ ಸತ್ಯ. ತಡವಾಗುತ್ತಿರುವಾಗ ಅಡ್ಡದಾರಿಯನ್ನು ತೋರಿಸುವವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಇಲ್ಲದ ಠೇವಣಿಯನ್ನು ಕಾಗದದಲ್ಲಿ ಇರಿಸಬಲ್ಲವರು, ಪ್ರವೇಶದ ಪತ್ರವನ್ನೇ ಸೃಷ್ಟಿಸಬಲ್ಲವರು ಉಂಟು. ಕೃತಕ ಪತ್ರಗಳ ಹಾವಳಿಯಿಂದಲೇ ಕೆನಡವು ೨೦೨೩ರ ಡಿಸೆಂಬರ್ ೧ರಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ವಿದ್ಯಾಸಂಸ್ಥೆಯಿಂದ ಖಚಿತಪಡಿಸಿಕೊಳ್ಳುವ ನಿಯಮವನ್ನು ತಂದಿತು. ಒಬ್ಬನು ಕೊಟ್ಟ ಸುಳ್ಳು ಕಾಗದ ಅವನೊಬ್ಬನಿಗೇ ಕೇಡಲ್ಲ; ಅವನ ಹಿಂದೆ ನಿಂತ ನೂರು ಮಂದಿ ಸತ್ಯವಂತರ ದಿನಗಳನ್ನು ಅದು ತಿನ್ನುತ್ತದೆ. ಸುಳ್ಳು ಹೇಳಿದವನೂ ಕಾಯಿಸುವವರ ಸಾಲಿಗೆ ಸೇರಿದನೆಂದು ತಿಳಿಯಬೇಕು.

ಎರಡನೆಯದು, ಕೇಳುವುದು. ಮೌನವನ್ನೇ ತಾಳ್ಮೆಯೆಂದು ಎಣಿಸಬಾರದು. ವಿಶ್ವವಿದ್ಯಾನಿಲಯಕ್ಕೆ ಮೊದಲೇ ಬರೆದು, ತಡವಾಗಿ ಸೇರಲು ಯಾವ ದಿನದವರೆಗೆ ಅವಕಾಶ, ಪ್ರವೇಶವನ್ನು ಮುಂದಿನ ಅವಧಿಗೆ ಸರಿಸಬಹುದೇ, ವಿದ್ಯಾರ್ಥಿವೇತನ ಉಳಿಯುವುದೇ, ಹೊಸ ದಿನಾಂಕದ ಪತ್ರವನ್ನು ಕೊಡುವರೇ ಎಂದು ತಿಳಿದುಕೊಳ್ಳುವುದು ಭಿಕ್ಷೆಯಲ್ಲ. ಹಣ ತೆತ್ತವನ ಹಕ್ಕು. ಮೂರನೆಯದು ಎಲ್ಲಕ್ಕಿಂತ ಕಷ್ಟವಾದದ್ದು: ಪರರು ಅವಧಿಯನ್ನು ಹೇಳದಿದ್ದರೆ ತಾನೇ ಒಂದು ಅವಧಿಯನ್ನು ಗೊತ್ತುಮಾಡಿಕೊಳ್ಳುವುದು. ಇಂಥ ದಿನದವರೆಗೆ ಕಾಯುತ್ತೇನೆ. ಆಮೇಲೆ ಇಲ್ಲಿಯೇ ಓದುತ್ತೇನೆ, ಇಲ್ಲವೆ ಕೆಲಸಕ್ಕೆ ಸೇರುತ್ತೇನೆ ಎಂಬ ನಿಶ್ಚಯವಿದ್ದರೆ ತನ್ನ ಕಾಲದ ಒಡೆತನ ತನ್ನಲ್ಲಿಯೇ ಉಳಿಯುತ್ತದೆ. ಇದರಲ್ಲಿ ಮನೆಯವರ ಪಾಲೂ ಉಂಟು. ದಿನ ಬೆಳಗಾದರೆ ‘ವೀಸಾ ಬಂತೇ?’ ಎಂದು ಕೇಳುವ ನೆಂಟರನ್ನು ತಡೆಯಲಾರೆವು. ಆದರೆ ಆ ಕಾಗದವೇ ಮಗುವಿನ ಯೋಗ್ಯತೆಯ ಅಳತೆಯೆಂದು ತಂದೆತಾಯಿಗಳಾದರೂ ತಿಳಿಯದಿರಬಹುದಷ್ಟೆ.

ಕೊನೆಗೆ ಒಂದು ಮಾತು. ದೂರದ ದೇಶದ ಅಧಿಕಾರಿಯ ಮೇಜನ್ನು ನಾವು ಕಾಣಲಾರೆವು, ಅವನನ್ನು ಕೇಳುವ ಬಲವೂ ನಮಗೆ ಕಡಮೆ. ಆದರೆ ಓದುಬರಹ ಬಲ್ಲ ನಮ್ಮ ಮನೆಗಳಲ್ಲಿ ಮೇಜಿನ ಹಿಂದೆ ಕುಳಿತವರು ಎಷ್ಟು ಮಂದಿಯಿಲ್ಲ! ಅಂಕಪಟ್ಟಿಗೆ ಸಹಿಹಾಕುವವರು, ಉತ್ತರಪತ್ರಿಕೆಗಳನ್ನು ತಿದ್ದುವವರು, ಸಾಲದ ಅರ್ಜಿಯನ್ನು ನೋಡುವವರು, ಶಿಫಾರಸು ಪತ್ರವನ್ನು ಬರೆದುಕೊಡಬೇಕಾದ ಉಪಾಧ್ಯಾಯರು. ಪರದೇಶದ ಬಾಗಿಲಿಗೆ ಹೋಗಿ ನಿಲ್ಲುವುದಕ್ಕೆ ಮುಂಚೆಯೇ ಆ ಹುಡುಗನು ನಮ್ಮ ಬಾಗಿಲುಗಳಲ್ಲಿ ನಿಂತಿರುತ್ತಾನೆ. ಇಂದು ನಮ್ಮ ಮೇಜಿನ ಮೇಲೆ ಯಾರದೋ ಒಂದು ಕಾಗದ ಉತ್ತರವಿಲ್ಲದೆ ಬಿದ್ದಿದ್ದರೆ, ಆಗುವುದಾದರೆ ಆಗುವುದೆಂದೂ, ಆಗದಿದ್ದರೆ ಆಗದೆಂದೂ, ತಡವಾಗುವುದಾದರೆ ಎಂದು ಎಂಬುದನ್ನೂ ಸಂಜೆಯೊಳಗೆ ತಿಳಿಸಿಬಿಡುವುದು ನಮ್ಮ ಕೈಯಲ್ಲಿಯೇ ಇದೆ.